ಈಳಿಗೆ ಮಣೆಯ ಅಲಗು
(ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವುದು ವಾಡಿಕೆ. ಅದಕ್ಕೆ ತಕ್ಕ ಓದು ನನಗಿಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು ನಾನು. ಆದುದರಿಂದ ಅಡಿಗೆಮನೆಯ ಕತ್ತಿಯ ವಿಷಯ ಹೇಳುತ್ತೇನೆಂದು ಕಾರ್ಯದರ್ಶಿಗಳಿಗೆ ತಿಳಿಸಿದೆ. ಅವರು ಮೊದಲು ನಕ್ಕರು, ಆಮೇಲೆ ಒಪ್ಪಿದರು.

ನಾನು ಅಹಮದಾಬಾದಿಗೆ ಬಂದದ್ದು 1974ರಲ್ಲಿ. ಎರಡು ವರ್ಷದ ಮೇಲೆ ನಮ್ಮ ತಾಯಿಯವರು ಸಾಗರದಿಂದ ಬಂದರು. ಅವರ ಟ್ರಂಕಿನಲ್ಲಿ ಸೀರೆಗಳ ನಡುವೆ ಒಂದು ಈಳಿಗೆ ಮಣೆ ಇತ್ತು. ಹಲಸಿನ ಮರದ ಮಣೆ, ನಮ್ಮೂರ ಕಮ್ಮಾರ ತಟ್ಟಿಕೊಟ್ಟ ಅಲಗು. ಅವನ ತಂದೆ ನಮ್ಮ ಅಜ್ಜಿಗೆ ಇಂಥದೇ ಒಂದನ್ನು ಮಾಡಿಕೊಟ್ಟಿದ್ದನಂತೆ. ಕೂಲಿ ಎಂದರೆ ಸುಗ್ಗಿಯಲ್ಲಿ ಅಳೆದು ಹಾಕುವ ಭತ್ತ, ಅಷ್ಟೆ. ಇಲ್ಲಿ ಕತ್ತಿ ಸಿಗುವುದಿಲ್ಲವೇ ಅಮ್ಮ ಎಂದೆ. "ಸಿಗುತ್ತದೆ, ನಿಂತುಕೊಂಡು ಹೆಚ್ಚುವುದು. ನನಗೆ ಕೂತು ಹೆಚ್ಚಬೇಕು" ಎಂದರು.

ಅಲಗು ಮೊಂಡಾದಾಗ ನಾನು ಜಾಣತನ ತೋರಿಸಿದೆ. ಕರೆಂಟಿನ ಸಾಣೆಕಲ್ಲಿದ್ದ ಒಂದು ಅಂಗಡಿಗೆ ಕೊಂಡೊಯ್ದೆ. ಕಿಡಿಯೇನೋ ದೀಪಾವಳಿಯಂತೆ ಹಾರಿತು. ಮನೆಗೆ ತಂದು ನೋಡಿದರೆ ಬಾಯಿಯ ಉದ್ದಕ್ಕೂ ನವಿಲಿನ ಕುತ್ತಿಗೆಯ ನೀಲಿ. ಎರಡು ದಿನ ಚೆನ್ನಾಗಿ ಕೊಯ್ದಿತು. ಮೂರನೆಯ ದಿನ ಬದನೆಕಾಯಿಗೂ ಸೋತಿತು. ತಾಯಿ ಒಂದು ಮಾತೂ ಆಡಲಿಲ್ಲ. ಅದು ಬೈದದ್ದಕ್ಕಿಂತ ಹೆಚ್ಚಾಗಿ ನನಗೆ ತಟ್ಟಿತು.

ಆಗ ರವಿವಾರಿ ಸಂತೆ ಎಲ್ಲಿಸ್ ಸೇತುವೆಯ ಕೆಳಗೆ, ಸಾಬರಮತಿಯ ಮರಳಿನ ಮೇಲೆ ಸೇರುತ್ತಿತ್ತು. ಅಲ್ಲಿ ಒಬ್ಬ ಮುದುಕರು ಚಾದರ ಹಾಸಿ ಚಪ್ಪು, ಸೂಡಿ—ಎಂದರೆ ನಮ್ಮ ಚಾಕು, ಅಡಕತ್ತರಿ—ಮಾರುತ್ತ ಕುಳಿತಿದ್ದರು. ಅವರು ಕಛ್ಛದ ರೇಹಾ ಗ್ರಾಮದ ಲುಹಾರರು. ತಿಂಗಳಿಗೊಮ್ಮೆ ಸರಕು ತರುವವರು. ನಮ್ಮ ತಾಯಿಯನ್ನು ಕಂಡು "ಬಾ, ಬೇಸೋ" ಎಂದರು. ಗುಜರಾತಿಯಲ್ಲಿ "ಬಾ" ಎಂದರೆ ತಾಯಿ ಎಂಬುದು ನಿಮಗೆಲ್ಲ ಗೊತ್ತು. ನಮ್ಮ ತಾಯಿಗೆ ಗೊತ್ತಿರಲಿಲ್ಲ. "ನೋಡೋ, ಕನ್ನಡದಲ್ಲಿ ಕರೆಯುತ್ತಾರೆ!" ಎಂದು ಹೋಗಿ ಚಾದರದ ಅಂಚಿನಲ್ಲಿ ಕುಳಿತೇಬಿಟ್ಟರು.

ಮುದುಕರು ಅಲಗನ್ನು ಉಗುರಿನಿಂದ ಮೀಟಿ ಕಿವಿಯ ಹತ್ತಿರ ಹಿಡಿದರು. "ಕಬ್ಬಿಣ ಸತ್ತಿಲ್ಲ, ಅದರ ನೀರು ಹೋಗಿದೆ" ಎಂದರು. ನೀರೆಂದರೆ ಹದ. ಅಲಗನ್ನು ಊರಿಗೆ ಒಯ್ದು ಮುಂದಿನ ತಿಂಗಳು ತಂದುಕೊಟ್ಟರು. ನಾಲ್ಕು ರೂಪಾಯಿ ತೆಗೆದುಕೊಂಡರು.

ಮುಂದೆ ನನಗೆ ವಡೋದರಾಕ್ಕೆ ವರ್ಗವಾಯಿತು. 1983ರಲ್ಲಿ ರಜೆ ಹಾಕಿ ರೇಹಾಕ್ಕೆ ಹೋಗಿಬಂದೆ. ಅದು ಭುಜ್ ಪಟ್ಟಣಕ್ಕೆ ದೂರವಲ್ಲ; ಮೋಟಾ ರೇಹಾ, ನಾನಾ ರೇಹಾ ಎಂದು ಎರಡು ಊರು. ಬೀದಿಗೆ ಕಾಲಿಟ್ಟರೆ ಸುತ್ತಿಗೆಯ ಸದ್ದು. ಮುದುಕರ ಕುಲುಮೆ ಮನೆಯ ಅಂಗಳದಲ್ಲೇ ಇತ್ತು. ಅಣ್ಣ ತಿದಿ ಒತ್ತಿದರೆ ತಮ್ಮ ಸುತ್ತಿಗೆ ಹಾಕುವನು. ಎಷ್ಟು ತಲೆಮಾರಿನಿಂದ ಈ ಕಸುಬು ಎಂದು ಕೇಳಿದೆ. "ಬ್ಯಾಂಕಿನವರು ನೀವು, ಲೆಕ್ಕ ನೀವೇ ಇಡಿ" ಎಂದು ನಕ್ಕರು.

ಅವರ ಹಿರಿಯರು ಅಡಿಗೆಮನೆಗಾಗಿ ಕುಲುಮೆ ಹೂಡಿದವರಲ್ಲ. ಖಡ್ಗ, ಕಠಾರಿ ಮಾಡುತ್ತಿದ್ದವರು. ಕಛ್ಛದ ಉಕ್ಕಿನ ಕೆಲಸಕ್ಕೆ ಹಳೆಯ ಹೆಸರುಂಟು. ಕೊಡಲಿಯ ಹಾಗೆ ಉದ್ದ ಹಿಡಿಯಿರುವ, ಬುಡದಲ್ಲಿ ಆನೆಯ ತಲೆ ಕೆತ್ತಿರುವ ಒಂದು ಬಗೆಯ ಚೂರಿಗೆ "ಭುಜ್" ಎಂದೇ ಹೆಸರು. ವಿದೇಶದ ವಸ್ತು ಸಂಗ್ರಹಾಲಯಗಳಲ್ಲಿ ಅದನ್ನು ಇಂದಿಗೂ ಕಾಣಬಹುದು. 1948ರಲ್ಲಿ ಕಛ್ಛದ ಆಡಳಿತ ಭಾರತ ಸರ್ಕಾರದ ಕೈಗೆ ಬಂದಿತು. ಸಂಸ್ಥಾನ ಹೋದಮೇಲೆ ಖಡ್ಗ ಯಾರಿಗೆ ಬೇಕು? ಅದೇ ಕೈ ತರಕಾರಿಯ ಚಪ್ಪುವಿಗೂ ಅಡಕತ್ತರಿಗೂ ತಿರುಗಿತು. ಇದನ್ನು ಇಳಿತವೆಂದು ಮುದುಕರು ಭಾವಿಸಿರಲಿಲ್ಲ. "ಖಡ್ಗ ವರ್ಷಕ್ಕೊಮ್ಮೆ ಒರೆಯಿಂದ ಹೊರಗೆ ಬರುತ್ತದೆ. ಚಪ್ಪು ದಿನಕ್ಕೆ ಎರಡು ಸಲ ಪರೀಕ್ಷೆಗೆ ಕೂರುತ್ತದೆ" ಎನ್ನುತ್ತಿದ್ದರು.

ಕೆಲಸ ಹೇಗೆಂದರೆ, ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯೇ ಕಚ್ಚಾ ಸಾಮಾನು. ಅದನ್ನು ಕತ್ತರಿಸಿ, ಕಾಯಿಸಿ, ಅಡಿಗಲ್ಲಿನ ಮೇಲೆ ತಟ್ಟಿ ಆಕಾರಕ್ಕೆ ತರುತ್ತಾರೆ. ಅಲ್ಲಿಯವರೆಗೆ ಯಾರಾದರೂ ಕಲಿತಾರು. ಹದ ಹಾಕುವುದೇ ಕಠಿಣ. ಅಲಗು ಕೆಂಡದಲ್ಲಿ ಹಣ್ಣುಗೆಂಪಾಗುವ ತನಕ ಕಾದು, ಒಮ್ಮೆಲೇ ತಣ್ಣಗಾಗಬೇಕು. ಆಗ ಅದು ಗಾಜಿನ ಹಾಗೆ ಗಡುಸು, ಬಿದ್ದರೆ ಮುರಿಯುತ್ತದೆ. ಮತ್ತೆ ಸಣ್ಣ ಬಿಸಿ ಕೊಡಬೇಕು. ಉಜ್ಜಿದ ಮೈಮೇಲೆ ಮೊದಲು ಒಣಹುಲ್ಲಿನ ಹಳದಿ ಬಣ್ಣ ಹಾಯುತ್ತದೆ, ಬಳಿಕ ಕಂದು, ಬಳಿಕ ನೀಲಿ. ಚಾಕುವಿಗೆ ಹುಲ್ಲಿನ ಬಣ್ಣದಲ್ಲೇ ನಿಲ್ಲಿಸಬೇಕು. ನೀಲಿಗೆ ಹೋದರೆ ಬಾಯಿ ಮೆತ್ತಗಾಯಿತು. ನನ್ನ ಸಾಣೆಯ ಪ್ರತಾಪ ಏನು ಮಾಡಿತ್ತೆಂಬುದು ನನಗೆ ಅಂದು ಅರ್ಥವಾಯಿತು. ಬೆಂಕಿಯ ಬಣ್ಣ ಹಗಲಿನಲ್ಲಿ ಮೋಸ ಮಾಡುತ್ತದೆಂದು ಆ ಕೆಲಸಕ್ಕೆ ಅವರು ಕತ್ತಲ ಮೂಲೆಗೆ ಹೋಗುತ್ತಿದ್ದರು. ಗಡಿಯಾರವಿಲ್ಲ, ಉಷ್ಣಮಾಪಕವಿಲ್ಲ. ಹತ್ತು ವರ್ಷದ ಮೊಮ್ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಈಗ... ಈಗಲ್ಲ... ಈಗ!" ಎನ್ನುತ್ತಿದ್ದರು. ಆ ಮನೆಯ ವಿದ್ಯಾಶಾಲೆ ಅಷ್ಟೇ.

ಅವರೊಂದು ಪ್ರಶ್ನೆ ಕೇಳಿದರು: ಪೋಲಾದಿಗೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ? "ಉಕ್ಕು" ಎಂದೆ. ಎರಡಕ್ಷರದ ಪದವೆಂದು ಅವರು ಸುಮ್ಮನಾದರು. ಅದರ ಕಥೆ ನನಗೂ ತಿಳಿದದ್ದು ಆಮೇಲೆ. ದಕ್ಷಿಣದ ಕುಲುಮೆಗಳಿಂದ ಹೋದ ಉಕ್ಕಿನ ಗಟ್ಟಿಗಳನ್ನು ಇಂಗ್ಲಿಷರು "ವೂಟ್ಜ್" ಎಂದರು. ಆ ಪದ ನಮ್ಮ ಉಕ್ಕಿನಿಂದಲೇ ಬಂದಿತೆಂದು ಅನೇಕ ವಿದ್ವಾಂಸರ ಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಮೇಲೆ ಪ್ರಬಂಧ ಮಂಡಿಸಿದ. ಜೇಮ್ಸ್ ಸ್ಟೊಡಾರ್ಟ್ ಎಂಬ ಲಂಡನ್ನಿನ ಚಾಕು ತಯಾರಕನಿಗೆ ಆ ಉಕ್ಕೆಂದರೆ ಪ್ರಾಣ. ಅವನ ಜೊತೆ ಸೇರಿ ಉಕ್ಕಿನ ಮಿಶ್ರಣಗಳ ಪ್ರಯೋಗ ಮಾಡಿದವನು ಮೈಕೇಲ್ ಫ್ಯಾರಡೆ. ಅವನ ತಂದೆಯೂ ಕಮ್ಮಾರನೇ. ಮೈಸೂರು ಸೀಮೆಯಲ್ಲಿ ಉಕ್ಕು ಕರಗಿಸುತ್ತಿದ್ದುದನ್ನು ಬುಕಾನನ್ ಸಾಹೇಬ 1800-01ರ ಪ್ರವಾಸದಲ್ಲಿ ಕಣ್ಣಾರೆ ಕಂಡು ಬರೆದಿಟ್ಟ. ಈಗ ಆ ಕುಲುಮೆಗಳಿಲ್ಲ. ಬರಹ ಉಳಿದಿದೆ, ಬರಹದಲ್ಲಿ "ಈಗ!" ಎನ್ನುವವರಿಲ್ಲ.

ವಡೋದರಾದ ಕಲಾಭವನದ ನೆನಪು ಇಲ್ಲಿ ಬರುತ್ತದೆ. 1890ರಲ್ಲಿ ಸಯಾಜಿರಾಯರು ಅದನ್ನು ಸ್ಥಾಪಿಸಿದಾಗ ಮೊದಲು ನಡೆಸಿದವರು ಸೂರತ್ತಿನ ಗಜ್ಜರರು, ಬಡಗಿಗಳ ಕುಲದಲ್ಲಿ ಹುಟ್ಟಿ ರಸಾಯನಶಾಸ್ತ್ರ ಓದಿದವರು. ಕಸುಬಿನ ವಿದ್ಯೆಯನ್ನು ಜನರ ಭಾಷೆಯಲ್ಲೇ ಕಲಿಸಬೇಕೆಂಬುದು ಅವರ ಹಟವಾಗಿತ್ತು. ದೊಡ್ಡ ಮಾತು ಅದು.

2001ರ ಜನವರಿ 26 ನಿಮಗೆ ಮರೆತಿರಲಾರದು. ಅಹಮದಾಬಾದಿನಲ್ಲಿ ನಾವೂ ಬೀದಿಯಲ್ಲಿ ರಾತ್ರಿ ಕಳೆದೆವು. ಸತ್ತವರು 13,000ಕ್ಕೂ ಮಿಕ್ಕಿ, ಹೆಚ್ಚಿನವರು ಕಛ್ಛದವರು. ಮುದುಕರು ಅದಕ್ಕೆ ಮೊದಲೇ ತೀರಿಕೊಂಡಿದ್ದರು. ಮನೆ ಬಿದ್ದಿತು, ಅಡಿಗಲ್ಲು ಮಾತ್ರ ಇದ್ದಲ್ಲೇ ಇತ್ತೆಂದು ಅವರ ಮಗ ಪತ್ರ ಬರೆಸಿದರು. ಅವರು ಮತ್ತೆ ಕುಲುಮೆ ಹೂಡಿದರು. ಆದರೆ ಅಷ್ಟರಲ್ಲಿ ಸಂತೆಗೆ ಯಂತ್ರದ ಸ್ಟೇನ್‌ಲೆಸ್ ಚಾಕು ಬಂದಿತ್ತು. ಇವರು ಕೇಳುವ ಬೆಲೆಗೆ ಅಂಥವು ಮೂರು ಬರುತ್ತಿದ್ದವು. ತುಕ್ಕು ಹಿಡಿಯುವುದಿಲ್ಲ, ಒರೆಸಿಡುವ ಕಷ್ಟವಿಲ್ಲ. ನಮ್ಮ ಮನೆಯಲ್ಲೂ ಎರಡಿವೆ, ಸುಳ್ಳೇಕೆ ಹೇಳಲಿ? ಅಂದು ಪಕ್ಕದಲ್ಲಿ ನಿಂತಿದ್ದ ಆ ಹುಡುಗ ಬಂದರಿನಲ್ಲಿ ಕ್ರೇನ್ ನಡೆಸುವ ಕೆಲಸಕ್ಕೆ ಸೇರಿದ. ತಿಂಗಳಿಗೆ ಸರಿಯಾಗಿ ಸಂಬಳ, ಮೈಗೆ ಮಸಿಯಿಲ್ಲ. ಅವನನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ನಮ್ಮ ತಂದೆಯ ಅಡಕೆ ತೋಟ ಬಿಟ್ಟು ಬ್ಯಾಂಕಿನ ಕುರ್ಚಿ ಹಿಡಿದವನು ನಾನೇ.

ಅಡಕೆ ಎಂದಾಗ ಇನ್ನೊಂದು ಮಾತು. ನಮ್ಮ ಕಡೆಯ ಚಾಲಿ ಅಡಕೆಗೆ ಗುಜರಾತೇ ದೊಡ್ಡ ಗಿರಾಕಿ. ಶಿರಸಿಯ ಅಡಕೆಯನ್ನು ಇಲ್ಲಿನ ಜನ ಕಛ್ಛದ, ಜಾಮನಗರದ ಸೂಡಿಯಲ್ಲಿ ಕತ್ತರಿಸುತ್ತಾರೆ. ಮಕ್ಕಳಿಗೆ ರಜೆಯಿದ್ದಾಗ ವಿಶಾಲಾದಲ್ಲಿರುವ ಪಾತ್ರೆಗಳ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ, 1981ರಲ್ಲಿ ಆರಂಭವಾದದ್ದು. ಅಲ್ಲಿ ಅಡಕತ್ತರಿಗಳನ್ನು ನೋಡಿದರೆ ನಿಮ್ಮ ಅಜ್ಜಿಯ ನೆನಪಾಗದೆ ಇರದು.

ತಾಯಿ ಹೋದಮೇಲೆ ಈಳಿಗೆ ಮಣೆ ಸೂರತ್ತಿನಲ್ಲಿರುವ ನನ್ನ ಮಗಳ ಮನೆಗೆ ಹೋಯಿತು. ಪಾತ್ರಾ ಮಾಡುವ ಎಲೆ ತಂದು ಅವಳು ಪತ್ರೊಡೆ ಮಾಡುತ್ತಾಳೆ. ಬೆಂದ ಸುರುಳಿಯನ್ನು ಅದರಲ್ಲೇ ಕೊಯ್ಯಬೇಕು, ಚಾಕುವಿಗೆ ಬಿಚ್ಚಿಹೋಗುತ್ತದೆ ಎನ್ನುತ್ತಾಳೆ. ಹೋದ ತಿಂಗಳು ಫೋನು ಮಾಡಿ, "ಅಪ್ಪಾ, ಅಲಗು ಮೊಂಡಾಗಿದೆ" ಎಂದಳು. ಸಾಣೆ ಅಂಗಡಿಗೆ ಮಾತ್ರ ಕೊಡಬೇಡ ಎಂದೆ. ರೇಹಾದ ಆ ಕ್ರೇನಿನ ಹುಡುಗನಿಗೆ—ಈಗ ಅವನಿಗೂ ತಲೆ ನರೆತಿದೆ—ಫೋನು ಮಾಡಿದೆ. ಭಾನುವಾರ ರಜೆ, ಕಳಿಸಿಕೊಡಿ, ಬಣ್ಣ ಇನ್ನೂ ಕಣ್ಣಿನಲ್ಲಿದೆ ಎಂದ. ದೀಪಾವಳಿ ಕಳೆದ ಮೇಲೆ ನಾನೇ ತೆಗೆದುಕೊಂಡು ಹೊರಡುವವನಿದ್ದೇನೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಊರಿನ ಅಲಗು ಮೊಂಡಾಗಿ ಬಿದ್ದಿದ್ದರೆ ಸಭೆ ಮುಗಿದಮೇಲೆ ನನಗೆ ತಿಳಿಸಿ, ಚೀಲದಲ್ಲಿ ಜಾಗವಿದೆ.