ಉಳಿದ ಮುಕ್ಕಾಲು ಕುದುರೆ ಎಲ್ಲಿ ಹೋಯ್ತು?

(ರಜತ ಮಹೋತ್ಸವದ ರೈತ ಗೋಷ್ಠಿಯಲ್ಲಿ ಆಡಿದ ಮಾತು)



ಸಾಲ, ಷೇರು, ಠೇವಣಿಯ ಬಗ್ಗೆ ಈಗಾಗಲೇ ಎಲ್ಲರೂ ಮಾತಾಡಿದ್ದಾರೆ. ನಮಗೆ ಕೊಟ್ಟ ವಿಷಯ, ಸಂಘದ ಬಾಡಿಗೆ ಶೆಡ್ಡಿನಲ್ಲಿರುವ ಸಣ್ಣ ಪೆಟ್ರೋಲ್ ಎಂಜಿನ್.

ಹಿಂದೊಂದು ಮಹಾಸಭೆಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಹಳೆಯ ಹೋಂಡಾ ಜಿಎಕ್ಸ್ 160 ಸವೆಯಿತೆಂದು ಅದೇ ನಮೂನೆಯ ಹೊಸದು ತಂದಿದ್ದೆವು. ಹಳೆಯದರ ಮೇಲೆ 5.5 ಎಚ್.ಪಿ. ಎಂದಿತ್ತು, ಹೊಸದರ ಪುಸ್ತಕದಲ್ಲಿ 4.8. ಹಿರಿಯರೊಬ್ಬರು ಎದ್ದು, "ಉಳಿದ ಮುಕ್ಕಾಲು ಕುದುರೆ ಯಾರ ಹೊಟ್ಟೆಗೆ ಹೋಯ್ತು?" ಎಂದು ಕೇಳಿಯೇ ಬಿಟ್ಟರು. ಸಭೆ ನಕ್ಕಿತು, ನಮಗೆ ನಗು ಬರಲಿಲ್ಲ. ಉತ್ತರವೂ ಗೊತ್ತಿರಲಿಲ್ಲ. ಅವತ್ತೇ ತಿಳಿದುಕೊಳ್ಳಲು ಹೊರಟೆವು.

ಎರಡೂ ಎಂಜಿನ್ನು 163 ಸಿಸಿ. ಪಿಸ್ಟನ್ ಅಗಲ 68 ಮಿ.ಮೀ., ಓಟ 45 ಮಿ.ಮೀ. ಬದಲಾದದ್ದು ಅಳೆಯುವ ಲೆಕ್ಕ. ಹಿಂದೆ ಗ್ರಾಸ್ ಲೆಕ್ಕ ಬರೆಯುತ್ತಿದ್ದರು. ಈಗ ಏರ್ ಕ್ಲೀನರ್, ಸೈಲೆನ್ಸರ್ ಎಲ್ಲ ಹಾಕಿ 3600 ಸುತ್ತಿನಲ್ಲಿ ಅಳೆದ ನೆಟ್ ಲೆಕ್ಕ. ಚೀಲ ಸಮೇತ ತೂಗುವುದಕ್ಕೂ ಚೀಲ ಕಳೆದು ತೂಗುವುದಕ್ಕೂ ಇರುವಷ್ಟೇ ವ್ಯತ್ಯಾಸ, ಕಾಳು ಅಷ್ಟೇ. ಕುದುರೆ ಯಾರೂ ತಿಂದಿಲ್ಲ!

ಆದರೆ ಇಲ್ಲೇ ಇನ್ನೊಂದು ತೊಡಕು. ಜಿಎಕ್ಸ್ 200ಕ್ಕೆ ನೆಟ್ 5.5 ಎಂದು ಬರೆದದ್ದುಂಟು. ಬರೀ "ಐದೂವರೆ ಎಚ್.ಪಿ. ಸಾಮಾನು ಕೊಡಿ" ಅಂದರೆ ಯಾವುದರದ್ದು ಕೊಡಬೇಕು? 200ರ ಪಿಸ್ಟನ್ ಅಗಲವೂ 68, ಆದರೆ ಓಟ 54, ಅಂದರೆ 196 ಸಿಸಿ. ಅದರ ಕ್ರ್ಯಾಂಕ್ ಬೇರೆ. 1983ರಲ್ಲಿ ಬಂದ ಜಿಎಕ್ಸ್ 140ರ ಅಗಲ 64. ಅದರ ರಿಂಗು 160ಕ್ಕೆ ಕೂರುವುದಿಲ್ಲ.

ಶಾಫ್ಟಿನಲ್ಲೂ ಜಾತಿಗಳಿವೆ. ಒಂದು ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ. ಇನ್ನೊಂದು 20 ಮಿ.ಮೀ. ಕಣ್ಣಿಗೆ ಒಂದೇ ಥರ. ಸಣ್ಣ ಶಾಫ್ಟಿಗೆ ದೊಡ್ಡ ಪುಲ್ಲಿ ಹಾಕಿದರೆ ಅಲುಗಾಡಿ ಕೀ ಕಿತ್ತುಹೋಗುತ್ತದೆ, ಹತ್ತಿರ ನಿಂತವರಿಗೂ ಅಪಾಯ. ಕೆಲವಕ್ಕೆ ಗೇರ್ ಇರುತ್ತದೆ: ಎಂಜಿನ್ 3600 ಸುತ್ತಿದರೆ ಶಾಫ್ಟು 1800, ಆರಕ್ಕೊಂದರ ಗೇರಾದರೆ 600. ಪಂಪಿಗೆ ಹೊಂದುವುದು ಮಿಕ್ಸರಿಗೆ ಹೊಂದದು.

ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ನೂ ನೋಡಿದ್ದೇವೆ. ಅದರ ಒತ್ತಡ ಕಡಿಮೆ ಇಟ್ಟೇ ಮಾಡಿರುತ್ತಾರೆ. ಅದನ್ನು ನೋಡಿ ಪೆಟ್ರೋಲ್ ಎಂಜಿನ್ನಿಗೆ ಸೀಮೆಎಣ್ಣೆ ಬೆರೆಸಬೇಡಿ. ಬಡಿತ ಬರುತ್ತದೆ, ಆಯಿಲ್ ತೆಳ್ಳಗಾಗುತ್ತದೆ, ಎಂಜಿನ್ ಹಾಳು.

ಕೆಲವಕ್ಕೆ ಆಯಿಲ್ ಅಲರ್ಟ್ ಇದೆ, ಕೆಲವಕ್ಕೆ ಇಲ್ಲ. ಇದ್ದದ್ದು ಆಯಿಲ್ ಕಡಿಮೆಯಾದರೆ ತಾನೇ ನಿಲ್ಲುತ್ತದೆ. ಕೆಟ್ಟಿತೆಂದು ಬಿಚ್ಚಬೇಡಿ, ಸಮತಟ್ಟು ಜಾಗದಲ್ಲಿಟ್ಟು ಮೊದಲು ಆಯಿಲ್ ನೋಡಿ. ಇಲ್ಲದ್ದು ಹೇಳದೆ ಕೇಳದೆ ಸೀಜ್ ಆಗುತ್ತದೆ. ಹೊಸ ಎಂಜಿನ್ನಿಗೆ 20 ಗಂಟೆಗೆ, ಆಮೇಲೆ 100 ಗಂಟೆಗೆ ಅಥವಾ ಆರು ತಿಂಗಳಿಗೊಮ್ಮೆ ಆಯಿಲ್ ಬದಲಾಯಿಸಬೇಕು. ಹಿಡಿಯುವುದು ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೇ.

ಅದಕ್ಕೇ ಈಗ ಪ್ರತಿ ಎಂಜಿನ್ನಿನ ಮಾಡೆಲ್, ನಂಬರು, ಟೈಪ್ ಅಕ್ಷರ, ಶಾಫ್ಟಿನ ಅಳತೆ ಸಂಘದ ರಿಜಿಸ್ಟರಿನಲ್ಲಿ ಬರೆದಿದ್ದೇವೆ. ಯಾರು ಬೇಕಾದರೂ ಬಂದು ನೋಡಬಹುದು. ಅವತ್ತು ಪ್ರಶ್ನೆ ಕೇಳಿದ ಹಿರಿಯರಿಗೆ ನಾವು ಋಣಿ. ಕೇಳುವ ಸದಸ್ಯ, ಲೆಕ್ಕ ತೋರಿಸುವ ನಿರ್ದೇಶಕ ಇಬ್ಬರೂ ಇದ್ದರೇ ಸಂಘ ಉಳಿಯುವುದು.