ಗಾಳಿಯ ಕುಂಚ, ಮಕ್ಕಳ ಕೈ

(ಬಾನುಲಿ ಭಾಷಣ)

ಮಕ್ಕಳ ಕೈಗೆ ಯಾವ ಉಪಕರಣವನ್ನು ಕೊಡಬೇಕು ಎಂಬುದು ಮೇಲುನೋಟಕ್ಕೆ ಅಂಗಡಿಯ ಬೆಲೆಪಟ್ಟಿಗೆ ಸಂಬಂಧಿಸಿದ ಪ್ರಶ್ನೆಯಂತೆ ಕಾಣುತ್ತದೆ. ತುಸು ವಿಚಾರ ಮಾಡಿದರೆ ಅದು ಶಿಕ್ಷಣದ ಪ್ರಶ್ನೆ. ಇನ್ನೂ ಆಳಕ್ಕಿಳಿದರೆ ಒಂದು ಊರು ತನ್ನ ಮಕ್ಕಳಿಗೆ ಏನನ್ನು ಬಿಟ್ಟುಹೋಗಬಯಸುತ್ತದೆ ಎಂಬ ಪ್ರಶ್ನೆ. ಈ ಮಾತನ್ನು ಇತ್ತೀಚಿನ ಒಂದು ಸಣ್ಣ ಪ್ರಸಂಗದ ಆಧಾರದಿಂದ ತಮ್ಮ ಮುಂದಿಡಬಯಸುತ್ತೇನೆ.

ಭದ್ರಾವತಿಯ ಕಾಗದನಗರವನ್ನು ಕೇಳುಗರಲ್ಲಿ ಅನೇಕರು ಬಲ್ಲಿರಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಯನ್ನು ನಂಬಿ ಬೆಳೆದ ಬಡಾವಣೆ ಅದು. ಬರೆಯುವ ಕಾಗದದ ಜೊತೆಗೆ ಪತ್ರಿಕೆಗಳು ಅಚ್ಚಾಗುವ ಕಾಗದವೂ ಅಲ್ಲಿ ತಯಾರಾಗುತ್ತಿದ್ದ ಕಾಲವೊಂದಿತ್ತು. 2015ರ ಸುಮಾರಿಗೆ ಯಂತ್ರಗಳು ನಿಂತವು. ವಸತಿಗೃಹಗಳು ಒಂದೊಂದಾಗಿ ಬರಿದಾದುವು. ಹಾಗಿದ್ದರೂ ಉಳಿದ ಮನೆಗಳ ಮಕ್ಕಳಿಗಾಗಿ ಕೆಲವು ನಿವೃತ್ತ ನೌಕರರು ಭಾನುವಾರದ ಕರಕುಶಲ ಕೂಟವೊಂದನ್ನು ನಡೆಸುತ್ತಿದ್ದಾರೆ. ಚಿತ್ರಕಲೆಯ ಮೇಷ್ಟ್ರಾಗಿ ನಿವೃತ್ತನಾದ ನಾನು ಶಿವಮೊಗ್ಗದಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗಿಬರುತ್ತೇನೆ. ಇಪ್ಪತ್ತೆರಡು ಮಕ್ಕಳು, ಎಂಟು ವರ್ಷದವರಿಂದ ಹದಿನೈದು ವರ್ಷದವರೆಗೆ. ಜೇಡಿಮಣ್ಣಿನ ಬೊಂಬೆ, ರಟ್ಟಿನ ಮುಖವಾಡ, ಗಾಳಿಪಟ, ಹಬ್ಬದ ತೋರಣ, ಇವು ಅವರ ಕೆಲಸಗಳು.

ಈ ಕೂಟಕ್ಕೆ ಬಣ್ಣವನ್ನು ಗಾಳಿಯಿಂದ ಎರಚುವ ಉಪಕರಣ, ಅಂದರೆ ಏರ್‌ಬ್ರಷ್, ಬೇಕೆಂದು ಮಕ್ಕಳೇ ಕೇಳಿದರು. ಹಿರಿಯರು ತಮ್ಮ ತಮ್ಮ ಶಕ್ತ್ಯನುಸಾರ ಹಣ ಕೂಡಿಸಿದರು. ಅದು ಎರಡನೆಯ ಬಾರಿ ಕೇಳಬಹುದಾದ ಹಣವಲ್ಲ. ಆದ್ದರಿಂದ ಆಯ್ಕೆಯ ಭಾರ ಸಣ್ಣದಾಗಿರಲಿಲ್ಲ. ಸಭೆ ಸೇರಿದಾಗ ಎರಡು ಪಕ್ಷಗಳಾದುವು. ಕೊಳ್ಳುವುದಾದರೆ ದೊಡ್ಡ ಕಲಾವಿದರು ಬಳಸುವ ಜಪಾನಿ ಉಪಕರಣವನ್ನೇ ಕೊಳ್ಳಬೇಕು, ನಮ್ಮ ಮಕ್ಕಳೇನು ಕಡಿಮೆಯೇ, ಎಂದಿತು ಒಂದು ಪಕ್ಷ. ಕುಂಚ ಹಿಡಿಯಲು ಇನ್ನೂ ಬಾರದ ಕೈಗೆ ಯಂತ್ರವೇತಕ್ಕೆ, ಎಂದಿತು ಇನ್ನೊಂದು. ಎರಡೂ ಮಾತುಗಳಲ್ಲಿ ಪ್ರೀತಿಯಿತ್ತು. ಎರಡಕ್ಕೂ ಉತ್ತರ ಹೇಳಬೇಕಾಗಿತ್ತು.

ಮೊದಲು ಎರಡನೆಯ ಆಕ್ಷೇಪವನ್ನೇ ತೆಗೆದುಕೊಳ್ಳೋಣ. ಗಾಳಿಯಿಂದ ಬಣ್ಣ ಹಚ್ಚುವುದು ಯಂತ್ರಯುಗದ ಸೃಷ್ಟಿಯೆಂದು ಭಾವಿಸಬೇಕಾಗಿಲ್ಲ. ಇಂಡೊನೇಷ್ಯದ ಸುಲವೇಸಿ ದ್ವೀಪದ ಗುಹೆಯೊಂದರಲ್ಲಿ, ಗೋಡೆಯ ಮೇಲೆ ಅಂಗೈಯನ್ನಿಟ್ಟು ಸುತ್ತಲೂ ಬಣ್ಣವನ್ನು ಊದಿ ಮೂಡಿಸಿದ ಕೈಯ ಆಕೃತಿಯಿದೆ. ಅದು ಕನಿಷ್ಠ 39,900 ವರ್ಷಗಳಷ್ಟು ಹಳೆಯದೆಂದು 2014ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಮನುಷ್ಯನ ಮೊದಲ ಗಾಳಿಕುಂಚ ಅವನ ಬಾಯಿಯೇ. ಓಕುಳಿಯಾಟದ ಜೀರ್ಕೊಳವೆಯನ್ನು ನಮ್ಮವರು ಎಂದಿನಿಂದಲೂ ಬಲ್ಲರು. ಇಂದಿನ ಉಪಕರಣದ ವಂಶಾವಳಿ ಮಾತ್ರ ಅಮೆರಿಕದ್ದು. ಅಯೋವಾ ಪ್ರಾಂತದ ಆಬ್ನರ್ ಪೀಲರ್ ಎಂಬಾತ 1870ರ ದಶಕದ ಕೊನೆಯಲ್ಲಿ ಅದರ ಮೊದಲ ರೂಪವನ್ನು ಕಟ್ಟಿದ. 1893ರ ಸುಮಾರಿಗೆ ಚಾರ್ಲ್ಸ್ ಬರ್ಡಿಕ್ ಎಂಬಾತ ಗಾಳಿಯೂ ಬಣ್ಣವೂ ಮೂತಿಯ ಒಳಗೇ ಬೆರೆಯುವಂತೆ ಮಾಡಿ ಅದನ್ನು ಲೇಖನಿಯಷ್ಟು ಹಗುರಗೊಳಿಸಿದ. ಫೋಟೋಗಳನ್ನು ತಿದ್ದುವವರಿಗೆ ಅದು ಬಹುಕಾಲ ಅನ್ನ ಕೊಟ್ಟಿತು.

ನಮ್ಮ ಜಿಲ್ಲೆಯಲ್ಲಿ ಇದನ್ನು ನೋಡಬೇಕಾದರೆ ಗಣೇಶ ಚೌತಿಗೆ ಮುನ್ನ ಗಣಪತಿ ಮಾಡುವವರ ಚಪ್ಪರಕ್ಕೆ ಹೋಗಬೇಕು. ಮಣ್ಣಿನ ಮೂರ್ತಿ ಒಣಗಿದ ಮೇಲೆ ಮೈಬಣ್ಣವನ್ನು ಇಂದು ಅನೇಕರು ಕಂಪ್ರೆಸರಿನ ಗಾಳಿಯಿಂದಲೇ ಹಾಕುತ್ತಾರೆ. ಹೊಟ್ಟೆಯ ಕೆಳಗಿನ ನೆರಳು, ಸೊಂಡಿಲ ಮಡಿಕೆ, ಪೀತಾಂಬರದ ಅಂಚು ಮಂಜಿನಂತೆ ಕರಗುತ್ತ ಹೋಗುತ್ತವೆ. ಆದರೆ ಕಣ್ಣು ಬರೆಯುವಾಗ ಕಲಾವಿದ ಕೊಳವೆಯನ್ನು ಬದಿಗಿಟ್ಟು ಕೂದಲಿನ ಕುಂಚವನ್ನೇ ಕೈಗೆತ್ತಿಕೊಳ್ಳುತ್ತಾನೆ. ಯಾವುದು ಗಾಳಿಯ ಕೆಲಸ, ಯಾವುದು ಕೈಯ ಕೆಲಸ ಎಂಬ ವಿವೇಕ ಅಲ್ಲಿದೆ. ಮಕ್ಕಳಿಗೆ ಕಲಿಸಬೇಕಾದದ್ದು ಆ ವಿವೇಕವನ್ನು. ಯಂತ್ರವನ್ನು ದೂರವಿಟ್ಟು ಅದನ್ನು ಕಲಿಸಲಾಗದು ಎಂದು ನಾನು ಸಭೆಯಲ್ಲಿ ಹೇಳಿದೆ.

ಇನ್ನು ಮೊದಲ ಪಕ್ಷದ ಮಾತು. ಈ ಉಪಕರಣದ ತತ್ವ ಬಹಳ ಸರಳ. ಕೊಳವೆಯ ಬಾಯಿಯ ಎದುರು ಗಾಳಿ ವೇಗವಾಗಿ ಹಾದುಹೋದಾಗ ಅಲ್ಲಿ ಒತ್ತಡ ಕುಗ್ಗುತ್ತದೆ. ಬಣ್ಣ ತಾನಾಗಿ ಮೇಲೆದ್ದು, ಗಾಳಿಯ ಪಾಲಾಗಿ, ಹನಿಹನಿಯಾಗಿ ಒಡೆಯುತ್ತದೆ. ಹಿಂದೆ ಮನೆಮನೆಯಲ್ಲಿದ್ದ ಸೊಳ್ಳೆಯೌಷಧದ ಫ್ಲಿಟ್ ಪಂಪು ಮಾಡುತ್ತಿದ್ದುದೂ ಇದನ್ನೇ. ಈ ತತ್ವವನ್ನು ಎರಡು ಬಗೆಯಾಗಿ ಕಟ್ಟುತ್ತಾರೆ. ಒಂದರಲ್ಲಿ ಗುಂಡಿಯೊತ್ತಿದರೆ ಗಾಳಿ ಬರುತ್ತದೆ. ಎಷ್ಟು ಬಣ್ಣ ಬರಬೇಕೆಂಬುದನ್ನು ಮೊದಲೇ ತಿರುಪು ತಿರುಗಿಸಿ ಗೊತ್ತುಮಾಡಿರಬೇಕು. ಇನ್ನೊಂದರಲ್ಲಿ ಗುಂಡಿಯನ್ನು ಕೆಳಕ್ಕೊತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ. ಎರಡನ್ನೂ ಒಂದೇ ಬೆರಳು ನಿಭಾಯಿಸಬೇಕು. ಎರಡನೆಯದರಲ್ಲಿ ಪಳಗಿದ ಕೈ ಕೂದಲೆಳೆಯಿಂದ ಅಂಗೈಯಗಲದವರೆಗೆ ಒಂದೇ ಉಸಿರಿನಲ್ಲಿ ಗೆರೆಯೆಳೆಯಬಲ್ಲದು. ಅದರ ಮೂತಿಯ ರಂಧ್ರ 0.2 ಅಥವಾ 0.3 ಮಿಲಿಮೀಟರು. ಒಳಗಿನ ಸೂಜಿಯ ತುದಿ ಮೇಜಿಗೊಮ್ಮೆ ತಗುಲಿದರೆ ಬಾಗುತ್ತದೆ. ಬಾಗಿದ ಮೇಲೆ ಗೆರೆ ನೇರವಾಗಿ ಬಾರದು.

ನಾವು ಎರಡು ಬಗೆಯವನ್ನೂ ಎರವಲು ತಂದೆವು. ನಯವಾದುದನ್ನು ಪರಿಚಯದ ಕಲಾವಿದರೊಬ್ಬರಿಂದ, ಒರಟಾದುದನ್ನು ಗಣಪತಿ ಮಾಡುವವರೊಬ್ಬರಿಂದ. ಒರಟಾದುದರಲ್ಲಿ ಗಾಳಿಯೂ ಬಣ್ಣವೂ ಮೂತಿಯ ಹೊರಗೆ ಬೆರೆಯುತ್ತವೆ, ರಂಧ್ರ 0.8 ಮಿಲಿಮೀಟರು, ಬಣ್ಣದ ಸೀಸೆ ಕೆಳಗೆ ತೂಗುತ್ತದೆ. ಹನಿಗಳು ಸ್ವಲ್ಪ ದಪ್ಪ. ಪರೀಕ್ಷೆಯನ್ನು ಗೊತ್ತುಮಾಡಿದವರು ಕಾರ್ಖಾನೆಯ ನಿವೃತ್ತ ಫಿಟ್ಟರೊಬ್ಬರು. ಚಿತ್ರ ಬರೆಸಿ ನೋಡೋಣವೆಂದು ನಾನೆಂದರೆ ಅವರು, "ಅದು ಆಮೇಲೆ ಮೇಷ್ಟ್ರೇ. ಮೊದ್ಲು ಮಕ್ಳು ಬಿಚ್ಚಿ, ತೊಳ್ದು, ಜೋಡಿಸ್ಲಿ. ಬಿಚ್ಚೋಕೆ ಬರ್ದೇ ಇರೋ ಮಿಷನ್ನು ಮೂರೇ ತಿಂಗ್ಳಲ್ಲಿ ಬೀರು ಸೇರುತ್ತೆ," ಎಂದರು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಎರಡನ್ನೂ ಬಿಚ್ಚಿಟ್ಟೆವು. ಏಳನೆಯ ತರಗತಿಯ ಹುಡುಗಿಯೊಬ್ಬಳು ಒರಟಾದುದನ್ನು ಐದೇ ನಿಮಿಷದಲ್ಲಿ ತೊಳೆದು ಜೋಡಿಸಿ, ಗಾಳಿಯೂದಿ ತೋರಿಸಿದಳು. ನಯವಾದುದರ ಮೂತಿ ಸಾಸಿವೆಕಾಳಿನ ಹಾಗೆ ಉರುಳಿಹೋಯಿತು. ಇಡೀ ಕೂಟ ನೆಲದ ಮೇಲೆ ಮೊಣಕಾಲೂರಿ ಇಪ್ಪತ್ತು ನಿಮಿಷ ಅದನ್ನು ಹುಡುಕಿತು. ಸಿಕ್ಕಿತು, ಅದು ಪುಣ್ಯ. ಸಭೆಯ ವಾದ ಅಲ್ಲಿಗೆ ಅರ್ಧ ಮುಗಿದಿತ್ತು.

ಉಳಿದರ್ಧ ಮುಗಿದದ್ದು ಗಾಳಿಯ ವಿಚಾರದಲ್ಲಿ. ಕೊಳ್ಳುವವರು ಸಾಮಾನ್ಯವಾಗಿ ಕುಂಚದ ಮೇಲೆಯೇ ಹಣ ಸುರಿದು ಕಂಪ್ರೆಸರಿನಲ್ಲಿ ಉಳಿತಾಯ ಮಾಡುತ್ತಾರೆ. ಮಕ್ಕಳ ಕೂಟದಲ್ಲಿ ಇದು ತಿರುವುಮುರುವಾಗಿರಬೇಕು. ತೊಟ್ಟಿಯಿಲ್ಲದ ಸಣ್ಣ ಕಂಪ್ರೆಸರಿನ ಗಾಳಿ ಮಿಡಿಯುತ್ತ ಬರುತ್ತದೆ. ಗೆರೆಯೂ ಮಿಡಿಯುತ್ತದೆ, ಮಗು ತನ್ನ ಕೈಯೇ ನಡುಗುತ್ತಿದೆಯೆಂದು ತಿಳಿಯುತ್ತದೆ. ಈಗ ಪೇಟೆಗೆ ಬಂದಿರುವ, ಹಿಡಿಯಲ್ಲೇ ಮೋಟಾರು ಅಡಗಿಸಿದ ಬ್ಯಾಟರಿಯ ಕುಂಚಗಳಲ್ಲಿಯೂ ಕೆಲವಕ್ಕೆ ಒತ್ತಡ ಸಾಲದು. ತೊಟ್ಟಿಯುಳ್ಳ ಕಂಪ್ರೆಸರಿನಲ್ಲಾದರೆ ಗಾಳಿ ಸಮನಾಗಿ ಹರಿಯುತ್ತದೆ. ತೊಟ್ಟಿ ತುಂಬಿದೊಡನೆ ಮೋಟಾರು ತಾನೇ ನಿಲ್ಲುವುದರಿಂದ ಪಾಠದ ಮಾತು ಕೇಳಿಸುತ್ತದೆ. ಕರೆಂಟು ಹೋದರೂ ಕೈಲಿದ್ದ ಕೆಲಸ ಮುಗಿಯುವಷ್ಟು ಗಾಳಿ ಉಳಿದಿರುತ್ತದೆ. ಒತ್ತಡ ಚದರ ಅಂಗುಲಕ್ಕೆ 20 ಪೌಂಡಿನ ಆಸುಪಾಸಿನಲ್ಲಿದ್ದರೆ ತೆಳುಬಣ್ಣಕ್ಕೆ ಸಾಕು. ಒರಟು ಮೂತಿಗೆ 30ರವರೆಗೆ ಬೇಕಾಗಬಹುದು. ಅಷ್ಟು ಒತ್ತಡದ ಗಾಳಿಯೂ ಕಣ್ಣು ಕಿವಿಗಳಿಗೆ ಅಪಾಯ. ಆದ್ದರಿಂದ ಒಬ್ಬರ ಕಡೆಗೊಬ್ಬರು ಗಾಳಿ ಬಿಡಕೂಡದೆಂಬುದು ಕೂಟದ ಮೊದಲ ಕಟ್ಟಳೆಯಾಯಿತು.

ಮಲೆನಾಡಿನ ಅಂಚಿನಲ್ಲಿರುವ ನಮಗೆ ಇನ್ನೊಂದು ಸಂಗತಿ ಮುಖ್ಯ. ಮಳೆಗಾಲದ ಗಾಳಿಯಲ್ಲಿ ನೀರಿನ ಅಂಶ ಹೆಚ್ಚು. ಆ ಗಾಳಿಯನ್ನು ಅದುಮಿ ತೊಟ್ಟಿಗೆ ತುಂಬಿದಾಗ ಆವಿ ನೀರಾಗಿ ಇಳಿಯುತ್ತದೆ. ಆಷಾಢದ ಒಂದು ಭಾನುವಾರ ಸಂಜೆಯ ಆಕಾಶವನ್ನು ಬರೆಯುತ್ತಿರುವ ಮಗುವಿನ ಹಾಳೆಯ ಮೇಲೆ ಇದ್ದಕ್ಕಿದ್ದಂತೆ ದಪ್ಪ ನೀರಹನಿ ಉಗುಳಿದರೆ, ಆ ಆಕಾಶ ಮತ್ತೆ ಸರಿಹೋಗದು. ಆದ್ದರಿಂದ ನೀರನ್ನು ತಡೆಹಿಡಿಯುವ ಗಾಜಿನ ಬಟ್ಟಲು, ಒತ್ತಡ ತೋರಿಸುವ ಗೇಜು, ಹೆಚ್ಚಿದ ಒತ್ತಡವನ್ನು ಹೊರಬಿಡುವ ವಾಲ್ವು, ಈ ಮೂರನ್ನು ಅನಾವಶ್ಯಕ ಖರ್ಚೆಂದು ಬಿಡುವಂತಿಲ್ಲ. ಪಾಠ ಮುಗಿದ ಮೇಲೆ ತೊಟ್ಟಿಯ ಅಡಿಯ ತಿರುಪು ಬಿಚ್ಚಿ ನೀರು ಬಸಿಯಬೇಕು. ಇಲ್ಲವಾದರೆ ಒಳಗೇ ತುಕ್ಕು. ಜೀವಮಾನವೆಲ್ಲ ವಾಲ್ವು, ಗೇಜು, ಪೈಪುಗಳ ನಡುವೆ ಕಳೆದವರಿಗೆ ಇದನ್ನು ನಾನು ಹೇಳಬೇಕಾಗಲಿಲ್ಲ. ಕಾಗದನಗರದಲ್ಲಿ ಯಂತ್ರಗಳು ನಿಂತಿರಬಹುದು, ಯಂತ್ರಗಳನ್ನು ಬಲ್ಲ ಕೈಗಳು ಇನ್ನೂ ಅಲ್ಲಿವೆ. ಅವು ಸುಮ್ಮನೆ ಕುಳಿತಿರುವಾಗ, ಕೆಟ್ಟರೆ ದೂರದ ಪಟ್ಟಣಕ್ಕೆ ಪಾರ್ಸಲು ಕಳಿಸಬೇಕಾದ ಉಪಕರಣವನ್ನು ಕೊಳ್ಳುವುದು ಎಷ್ಟರ ಮಟ್ಟಿಗೆ ಸರಿ?

ಬಣ್ಣದ ವಿಷಯದಲ್ಲಿ ಮಾತ್ರ ರಾಜಿಗೆ ಎಡೆಯಿರಲಿಲ್ಲ. ಕುಂಚದಿಂದ ಹಚ್ಚಿದ ಬಣ್ಣ ಹಾಳೆಯಲ್ಲಿರುತ್ತದೆ. ಎರಚಿದ ಬಣ್ಣದ ಒಂದು ಪಾಲು ಗಾಳಿಯಲ್ಲಿ ತೇಲಿ ಉಸಿರಿಗೆ ಸೇರುತ್ತದೆ. ಗ್ಯಾರೇಜುಗಳಲ್ಲಿ ವಾಹನಗಳಿಗೆ ಹೊಡೆಯುವ ಥಿನ್ನರಿನ ಬಣ್ಣ ಮಕ್ಕಳ ಕೋಣೆಗೆ ಬರಲೇಕೂಡದು. ಅದರ ಆವಿ ವಿಷ, ಕಿಡಿ ತಗುಲಿದರೆ ಬೆಂಕಿ. ಮನೆಗೂ ಅಲಂಕಾರಕ್ಕೂ ಬಳಸುವ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷ ಭಾಗಕ್ಕೆ 90 ಭಾಗಗಳನ್ನು ಮೀರಬಾರದೆಂದು 2016ರಲ್ಲಿ ಭಾರತ ಸರ್ಕಾರ ನಿಯಮ ಮಾಡಿತು. ಮರುವರ್ಷದ ನವೆಂಬರಿನಿಂದ ಅದು ಜಾರಿಗೆ ಬಂದಿತು. ಅದಕ್ಕೆ ಮೊದಲಿನ ಹಳೆಯ ಡಬ್ಬಗಳು ಯಾರದೋ ಅಟ್ಟದಿಂದ ಕಾಣಿಕೆಯಾಗಿ ಬರುವುದುಂಟು. ನಮಸ್ಕಾರ ಹೇಳಿ ಹಿಂದಿರುಗಿಸುವುದೇ ಕ್ಷೇಮ. ನೀರಿನಲ್ಲಿ ಕಲೆಯುವ, ಮಕ್ಕಳಿಗಾಗಿಯೇ ತಯಾರಾದ ಬಣ್ಣವನ್ನು ಹಾಲಿನಷ್ಟು ತೆಳುವಾಗಿಸಿ, ಬಟ್ಟೆಯಲ್ಲಿ ಸೋಸಿ ಬಳಸಬೇಕು. ರಟ್ಟಿನ ಪೆಟ್ಟಿಗೆಯೊಂದರ ಹಿಂಬದಿಗೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನು ಕೂಡಿಸಿ ಕಿಟಕಿಯ ಬಳಿಯಿಟ್ಟರೆ ತೇಲುವ ಹನಿ ಹೊರಗೆ ಹೋಗುತ್ತದೆ. ಮೂಗು ಬಾಯಿಗೆ ಸರಿಯಾಗಿ ಕೂರುವ ಮಾಸ್ಕು ಹನಿಯನ್ನು ತಡೆಯುತ್ತದೆ. ಆದರೆ ಥಿನ್ನರಿನ ಆವಿಯನ್ನು ತಡೆಯಲಾರದೆಂಬುದನ್ನು ನೆನಪಿಡಬೇಕು.

ಕೊನೆಗೆ ನಾವು ಆರಿಸಿದ್ದು ಇದು: ಒರಟು ಬಗೆಯ ಗಟ್ಟಿ ಕುಂಚಗಳು ಮೂರು; ದೊಡ್ಡ ಮಕ್ಕಳು ಹಿರಿಯರೊಬ್ಬರ ಕಣ್ಣೆದುರು ಕಲಿಯಲು ಎಳೆದು ಒತ್ತುವ ಬಗೆಯದು ಒಂದೇ ಒಂದು, ಅದೂ 0.5 ಮಿಲಿಮೀಟರಿನ ಮೂತಿಯದು. ಎಲ್ಲಕ್ಕೂ ಸೇರಿ ತೊಟ್ಟಿಯುಳ್ಳ ಒಳ್ಳೆಯ ಕಂಪ್ರೆಸರು. ಹತ್ತು ವರ್ಷಕ್ಕಿಂತ ಚಿಕ್ಕವರಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷೂ ಬಾಚಣಿಗೆಯೂ ಸಾಕು; ಬಣ್ಣದಲ್ಲದ್ದಿದ ಬ್ರಷ್ಷನ್ನು ಬಾಚಣಿಗೆಯ ಮೇಲೆ ಎಳೆದರೆ ಅವರ ಆಕಾಶದಲ್ಲಿಯೂ ನಕ್ಷತ್ರಗಳು ಬೀಳುತ್ತವೆ. ಬಯಸಿದ್ದ ಜಪಾನಿ ಉಪಕರಣ ಸಿಗಲಿಲ್ಲವೆಂದು ಇಬ್ಬರು ಹುಡುಗರ ಮುಖ ಸಣ್ಣದಾದುದು ನಿಜ. ಅವರಿಗೆ ಹೇಳಿದೆ: ಇದನ್ನು ಒಂದು ವರ್ಷ ಕೆಡಿಸದೆ ನಡೆಸಿರಿ, ಮುಂದಿನದನ್ನು ಕೇಳುವ ಹಕ್ಕು ನಿಮ್ಮದು.

ಗಾಳಿಗೆ ಆಕಾರವಿಲ್ಲ, ಆಕಾರ ಕೊಡುವುದು ಕತ್ತರಿಸಿದ ಕಾಗದ. ದಪ್ಪ ಕಾಗದಕ್ಕೆ ಮೇಣ ಉಜ್ಜಿ, ಎಲೆ, ನವಿಲು, ಮೀನಿನ ಆಕೃತಿಗಳನ್ನು ಕತ್ತರಿಸಿ, ಆ ಕಿಂಡಿಯ ಮೂಲಕ ಮಕ್ಕಳು ಬಣ್ಣ ಎರಚುತ್ತಾರೆ. ಆ ಕತ್ತರಿಯ ಕೆಲಸದಲ್ಲಿ ಕೈಗೆ ಸಿಗುವ ಶಿಕ್ಷಣ ಯಾವ ಕುಂಚದ ಶಿಕ್ಷಣಕ್ಕೂ ಕಡಿಮೆಯದಲ್ಲ. ಮಕ್ಕಳು ಮಾಡಿಯೇ ಕಲಿಯಬೇಕೆಂದು ನಂಬಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಅದನ್ನು ಪ್ರಯೋಗಿಸಿ ನೋಡಿದವರು. ಆ ನಂಬಿಕೆಗೆ ನನ್ನ ಅನುಭವದಿಂದ ಒಂದು ಮಾತನ್ನು ಸೇರಿಸಬಹುದೇನೋ: ಮಾಡುವುದರೊಡನೆ ತೊಳೆಯುವುದೂ ಸೇರಬೇಕು.

ಅಂಗಡಿಯವನು ಗೆರೆ ಎಷ್ಟು ನಯ ಎಂಬುದನ್ನು ತೋರಿಸುತ್ತಾನೆ. ಅದು ಅವನ ಧರ್ಮ. ಕೆಲಸ ಮುಗಿದ ಮೇಲೆ ಇದನ್ನು ತೊಳೆದಿಡುವವರು ಯಾರು, ಕೆಟ್ಟಾಗ ಬಿಚ್ಚುವವರು ಯಾರು ಎಂದು ಕೇಳಬೇಕಾದವರು ಕೊಳ್ಳುವ ನಾವು. ಆ ಎರಡು ಪ್ರಶ್ನೆಗಳಿಗೂ ಕೂಟದ ಮಗುವಿನ ಹೆಸರೇ ಉತ್ತರವಾಗುವುದಾದರೆ, ಆ ಉಪಕರಣವನ್ನು ನಿಶ್ಚಿಂತೆಯಿಂದ ಕೊಳ್ಳಬಹುದು.