ಎರಡು ಸಲ ತಂಗಿದ್ರೆ ಒಂದು ಗಿಫ್ಟ್ ಕಾರ್ಡ್: ಹೋಟೆಲ್ ಆಫರ್ ಒಳಗೆ ಏನಿದೆ?

ಪುಣೆ, ಹೈದರಾಬಾದ್, ಚೆನ್ನೈ ಅಂತ ಊರು ಬಿಟ್ಟು ಬಂದು ಐಟಿ ಕೆಲಸ ಮಾಡ್ತಿರೋ ನಮ್ಮಂಥವರಿಗೆ ಹೋಟೆಲ್ ವಾಸ ಹೊಸದೇನಲ್ಲ. ಕ್ಲೈಂಟ್ ವಿಸಿಟ್, ರಿಲೀಸ್ ಸಪೋರ್ಟ್, ಆರು ವಾರದ ಆನ್‌ಸೈಟ್, ಏನೋ ಒಂದು ಇದ್ದೇ ಇರುತ್ತೆ. ಹೀಗೆ ತಂಗಿದಾಗಲೆಲ್ಲ ಆ ಹೋಟೆಲ್ ಚೈನಿನ ಲಾಯಲ್ಟಿ ಪ್ರೋಗ್ರಾಂನಿಂದ ಮೇಲ್ ಬರುತ್ತೆ: ಎರಡು ಸಲ ತಂಗಿ, ಗಿಫ್ಟ್ ಕಾರ್ಡ್ ಗೆಲ್ಲಿ. ಅಮೆರಿಕದ ಚೈನ್‌ಗಳಲ್ಲಿ "50 ಡಾಲರ್ ಕಾರ್ಡ್" ಅನ್ನೋದು ಹಳೇ ಆಟ.

ಈ ಕಾರ್ಡ್ ಬಗ್ಗೆ ನಾನು ಹೇಳಬೇಕಾದ ಮುಖ್ಯ ವಿಷಯವನ್ನ ಮೊದಲೇ ಹೇಳಿಬಿಡ್ತೀನಿ. ದುಡ್ಡು ಕೊಟ್ಟು ಕೊಂಡ ಗಿಫ್ಟ್ ಕಾರ್ಡ್ ಮತ್ತು ಆಫರ್‌ನಲ್ಲಿ ಬಂದ ಗಿಫ್ಟ್ ಕಾರ್ಡ್ ನೋಡೋಕೆ ಒಂದೇ ಥರ. ಆದ್ರೆ ಎರಡರ ಹಿಂದಿರೋ ರಕ್ಷಣೆ ಬೇರೆ.

ಆನ್‌ಸೈಟ್‌ನಲ್ಲಿ ಸಿಗೋ ಕಾರ್ಡ್ ತಗೊಳ್ಳಿ. ಅಮೆರಿಕದಲ್ಲಿ 2009ರಲ್ಲಿ ಕಾರ್ಡ್ ಆ್ಯಕ್ಟ್ ಬಂತು. ಅಂಗಡಿಯಲ್ಲಿ ಕೊಂಡ ಗಿಫ್ಟ್ ಕಾರ್ಡಿನ ಹಣ ಕನಿಷ್ಠ 5 ವರ್ಷ ಸಾಯೋ ಹಾಗಿಲ್ಲ ಅಂತ ಅದರಲ್ಲಿದೆ. ಬಹಳ ಜನ ಇಷ್ಟು ಕೇಳಿಸಿಕೊಂಡು ನಿರಾಳ ಆಗ್ತಾರೆ. ಆದ್ರೆ ಅದೇ ನಿಯಮದಲ್ಲಿ ಲಾಯಲ್ಟಿ, ಬಹುಮಾನ, ಪ್ರಮೋಷನ್ ಕಾರ್ಡ್‌ಗಳಿಗೆ ವಿನಾಯಿತಿ ಇದೆ. ಅವಧಿ ಯಾವಾಗ ಮುಗಿಯುತ್ತೆ, ಶುಲ್ಕ ಎಷ್ಟು ಅಂತ ಮೊದಲೇ ತಿಳಿಸಿದ್ರೆ ಸಾಕು, ಕೆಲವೇ ತಿಂಗಳಲ್ಲಿ ಕಾರ್ಡ್ ಮುಗಿಸಬಹುದು. ಅಂದ್ರೆ ಪಕ್ಕದ ಕ್ಯೂಬಿಕಲ್‌ನವರು ದುಡ್ಡು ಕೊಟ್ಟು ತಂದ ಕಾರ್ಡ್ ಇನ್ನೂ ಜೀವಂತ ಇರುತ್ತೆ, ಹೋಟೆಲ್ ಕೊಟ್ಟ ನಿಮ್ಮ ಕಾರ್ಡ್ ಸತ್ತಿರುತ್ತೆ. ಇದರ ಮೇಲೆ ದೇಶದ ಬೇಲಿ ಬೇರೆ. ಅಮೆರಿಕದ ಅಮೆಜಾನ್ ಸೈಟಿನ ಗಿಫ್ಟ್ ಕಾರ್ಡ್ ನಮ್ಮ ಅಮೆಜಾನ್ ಡಾಟ್ ಇನ್‌ನಲ್ಲಿ ನಡೆಯೋದಿಲ್ಲ. ಹಾಗಾಗಿ ವಾಪಸ್ ಬರೋ ವಿಮಾನ ಹತ್ತೋ ಮುಂಚೆ ಅಲ್ಲೇ ಖರ್ಚು ಮಾಡಿ ಅನ್ನೋದು ನನ್ನ ಸಲಹೆ.

ಇನ್ನು ನಮ್ಮ ದೇಶ. ಇಲ್ಲಿ ಗಿಫ್ಟ್ ಕಾರ್ಡ್ ಯಾರು ಕೊಟ್ಟಿದ್ದು ಅಂತ ಮೊದಲು ನೋಡಬೇಕು. ಬೇರೆ ಬೇರೆ ಅಂಗಡಿಗಳಲ್ಲಿ ನಡೆಯೋ ಪ್ರೀಪೇಯ್ಡ್ ಕಾರ್ಡ್ ಆದ್ರೆ ಅದು ರಿಸರ್ವ್ ಬ್ಯಾಂಕಿನ ಕೈಕೆಳಗೆ ಬರುತ್ತೆ. 2021ರ ಮಾಸ್ಟರ್ ಡೈರೆಕ್ಷನ್ ಪ್ರಕಾರ ಗಿಫ್ಟ್ ಕಾರ್ಡಿನ ಮೌಲ್ಯ 10,000 ರೂಪಾಯಿ ಮೀರಬಾರದು, ಕನಿಷ್ಠ ಒಂದು ವರ್ಷ ಚಾಲ್ತಿಯಲ್ಲಿರಬೇಕು, ಅವಧಿ ಮುಗಿಯೋ ಮುಂಚಿನ 45 ದಿನಗಳಲ್ಲಿ ನಿಮಗೆ ಎಚ್ಚರಿಕೆ ಕೊಡ್ತಾ ಇರಬೇಕು. ಅವಧಿ ಮುಗಿದ ಮೇಲೂ ನೀವು ಕೇಳಿದ್ರೆ ಉಳಿದ ಹಣವನ್ನ ಬ್ಯಾಂಕ್ ಖಾತೆಗೆ ಕೊಡಬೇಕು ಅಂತಲೂ ಅದರಲ್ಲಿದೆ. ಇದು ಗೊತ್ತಿರೋರು ಎಷ್ಟು ಜನ ಇದ್ದೀರಿ ಹೇಳಿ? ಆದ್ರೆ ಹೋಟೆಲ್ ತನ್ನಲ್ಲೇ ಬಳಸೋಕೆ ಅಂತ ಕೊಡೋ ಕಾರ್ಡ್ ಇದೆಯಲ್ಲ, ಅದು ಕ್ಲೋಸ್ಡ್ ಸಿಸ್ಟಮ್. ರಿಸರ್ವ್ ಬ್ಯಾಂಕಿನ ಈ ನಿಯಮಗಳು ಅದಕ್ಕೆ ಇಲ್ಲ. ಅಲ್ಲಿ ಷರತ್ತಿನ ಪುಟದಲ್ಲಿ ಬರೆದಿದ್ದೇ ವೇದವಾಕ್ಯ. ಆಯ್ಕೆ ಕೊಟ್ರೆ ನಾನಂತೂ ಹೋಟೆಲ್ ವೋಚರ್ ಬಿಟ್ಟು ಹೊರಗಡೆ ನಡೆಯೋ ಕಾರ್ಡನ್ನೇ ತಗೋತೀನಿ, ಮೌಲ್ಯ ಸ್ವಲ್ಪ ಕಡಿಮೆ ಇದ್ರೂ ಸರಿ.

ಸರಿ, ಗಳಿಸೋದು ಹೇಗೆ? ನಮ್ಮ ಭಾಷೆಯಲ್ಲೇ ಹೇಳ್ತೀನಿ, ಇದೊಂದು ಸ್ಟೇಟ್ ಮಷೀನ್. ರಿಜಿಸ್ಟರ್ ಆಯ್ತು, ತಂಗಿದ್ದು ಲೆಕ್ಕಕ್ಕೆ ಬಂತು, ಪಾಯಿಂಟ್ ಬಿತ್ತು, ಕಾರ್ಡ್ ಕ್ಲೇಮ್ ಆಯ್ತು, ಕಾರ್ಡ್ ಖರ್ಚಾಯ್ತು. ಪ್ರತಿ ಸ್ಟೇಟ್‌ಗೂ ಅದರದೇ ಟೈಮರ್ ಇದೆ. ಎಷ್ಟೋ ಆಫರ್‌ಗಳು ನೇರವಾಗಿ ಕಾರ್ಡ್ ಕಳಿಸೋದಿಲ್ಲ. ಕಾರ್ಡಿಗೆ ಸಾಕಾಗುವಷ್ಟು ಬೋನಸ್ ಪಾಯಿಂಟ್ ಹಾಕಿ ಸುಮ್ಮನಾಗ್ತವೆ. ಲಾಗಿನ್ ಆಗಿ ಪಾಯಿಂಟನ್ನ ಕಾರ್ಡ್ ಮಾಡ್ಕೊಳ್ಳೋ ಕೆಲಸ ನಮ್ಮದು. ಅಲ್ಲಿಗೇ ಬಿಟ್ಟೋರು ಬೇಕಾದಷ್ಟು ಜನ. ಕಂಪನಿಗಳಿಗೂ ಇದು ಗೊತ್ತು. ಇಷ್ಟು ಭಾಗ ಯಾರೂ ಕೇಳಿಕೊಂಡು ಬರೋದಿಲ್ಲ ಅಂತ ಅಂದಾಜು ಹಾಕಿ ಲೆಕ್ಕಪತ್ರದಲ್ಲೇ ಸೇರಿಸ್ತಾರೆ. ಅದಕ್ಕೆ ಬ್ರೇಕೇಜ್ ಅಂತ ಹೆಸರು. 2018ರ ಏಪ್ರಿಲ್‌ನಿಂದ ನಮ್ಮಲ್ಲಿ ಜಾರಿಯಲ್ಲಿರೋ ಇಂಡ್ ಎಎಸ್ 115 ಅನ್ನೋ ಅಕೌಂಟಿಂಗ್ ಮಾನದಂಡದಲ್ಲೂ ಅದಕ್ಕೆ ಜಾಗ ಇದೆ. ನಮ್ಮ ಮರೆವು ಅವರ ಆದಾಯ, ಅಷ್ಟೇ.

ಎರಡನೇ ಸ್ಟೇಟ್‌ನಲ್ಲೂ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ "ಸ್ಟೇ" ಬೇರೆ, "ನೈಟ್" ಬೇರೆ. ನಮ್ಮ ಟೀಮಿನ ಒಬ್ಬರು ಹೈದರಾಬಾದ್‌ಗೆ ಹೋಗಿ ಸೋಮವಾರ, ಮಂಗಳವಾರ ಒಂದು ಬುಕಿಂಗ್‌ನಲ್ಲಿದ್ರು. ಕೆಲಸ ಮುಗೀಲಿಲ್ಲ. ಬುಧವಾರ ಚೆಕ್‌ಔಟ್ ಮಾಡಿ, ಅದೇ ಹೋಟೆಲ್‌ನಲ್ಲಿ ಹೊಸ ಬುಕಿಂಗ್‌ನಲ್ಲಿ ಚೆಕ್‌ಇನ್ ಆದ್ರು. ಎರಡು ಬಿಲ್ ಇದೆ, ಎರಡು ಸ್ಟೇ ಆಯ್ತು ಅಂತ ಅವರ ಲೆಕ್ಕ. ಹೋಟೆಲ್ ಲೆಕ್ಕದಲ್ಲಿ ಒಂದೇ. ಒಂದೇ ಹೋಟೆಲ್‌ನಲ್ಲಿ ಬೆನ್ನಿಗೆ ಬೆನ್ನಿಗೆ ಕಳೆದ ರಾತ್ರಿಗಳನ್ನ, ಮಧ್ಯೆ ಎಷ್ಟೇ ಸಲ ಚೆಕ್‌ಔಟ್ ಮಾಡಿದ್ರೂ, ಒಂದೇ ಸ್ಟೇ ಅಂತ ಎಣಿಸೋದು ದೊಡ್ಡ ಚೈನ್‌ಗಳ ರೂಢಿ. ಹಾಗೇ ಮೇಕ್‌ಮೈಟ್ರಿಪ್ ಥರದ ಸೈಟುಗಳಲ್ಲಿ ಮಾಡಿದ ಬುಕಿಂಗ್‌ಗೆ ಸಾಮಾನ್ಯವಾಗಿ ಪಾಯಿಂಟ್ ಬರೋದಿಲ್ಲ. ಹೋಟೆಲ್‌ನ ಸ್ವಂತ ಸೈಟೋ ಆ್ಯಪೋ ಆಗಬೇಕು.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಬೇರೆ ಸೈಟ್‌ನಲ್ಲಿ ರೂಮು ರಾತ್ರಿಗೆ 5,000, ಹೋಟೆಲ್ ಸೈಟ್‌ನಲ್ಲಿ 5,600. ಎರಡು ಸ್ಟೇ ಮಾಡಿದ್ರೆ 2,000 ರೂಪಾಯಿ ಕಾರ್ಡ್. ಒಂದೊಂದು ರಾತ್ರಿಯ ಎರಡು ಸ್ಟೇ ಆದ್ರೆ ಹೆಚ್ಚು ಕೊಟ್ಟಿದ್ದು 1,200, ಉಳಿದಿದ್ದು 800. ಅದೇ ಮೂರು ಮೂರು ರಾತ್ರಿ ಆದ್ರೆ ಹೆಚ್ಚು ಕೊಟ್ಟಿದ್ದು 3,600. ಕಾರ್ಡ್ ಬಂದ ಮೇಲೂ ಜೇಬಿಂದ 1,600 ಹೋಯ್ತು. ಇದರ ಮೇಲೆ ಜಿಎಸ್‌ಟಿ ಬೇರೆ. ರಾತ್ರಿಗಳು ಹೆಚ್ಚಿದಷ್ಟೂ ಈ ಆಫರ್ ಕೆಡ್ತಾ ಹೋಗುತ್ತೆ.

ಈಗ ನೀವು ಹೇಳ್ತೀರಿ, "ಗುರು, ಆ 3,600 ನನ್ನ ಜೇಬಿಂದ ಹೋಗಲ್ಲ, ಕಂಪನಿ ಕೊಡುತ್ತೆ, ಕಾರ್ಡ್ ಮಾತ್ರ ನನಗೆ ಬರುತ್ತೆ." ಹೌದು, ನಿಜವಾದ ಇಕ್ಕಟ್ಟು ಇರೋದೇ ಇಲ್ಲಿ. ಹೋಟೆಲ್ ಪಾಯಿಂಟ್ ಕೊಡೋದು ತಂಗಿದವರ ಹೆಸರಿಗೆ. ಬಿಲ್ ಕಟ್ಟಿದ್ದು ಬೇರೆಯವರು. ಹಾಗಾದ್ರೆ ಕಾರ್ಡ್ ಯಾರದು? ಸರ್ಕಾರಗಳೇ ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿವೆ. ಅಮೆರಿಕದ ಫೆಡರಲ್ ನೌಕರರು ಸರ್ಕಾರಿ ಪ್ರಯಾಣದಲ್ಲಿ ಬಂದ ಇಂಥ ಕೊಡುಗೆಗಳನ್ನ ತಾವೇ ಇಟ್ಟುಕೊಳ್ಳಬಹುದು ಅಂತ 2001ರ ಡಿಸೆಂಬರ್‌ನಲ್ಲಿ ಕಾನೂನಾಯ್ತು, ಸರ್ಕಾರಕ್ಕೆ ಹೆಚ್ಚಿನ ಖರ್ಚು ಬೀಳಬಾರದು ಅನ್ನೋ ಷರತ್ತಿನ ಜೊತೆ. ನಮ್ಮ ಕೇಂದ್ರ ಸರ್ಕಾರದಲ್ಲಿ ವಿಮಾನದ ಮೈಲೇಜ್ ಪಾಯಿಂಟ್ ಬಗ್ಗೆ ವಿತ್ತ ಸಚಿವಾಲಯದ ಸೂಚನೆ ಇದಕ್ಕೆ ಉಲ್ಟಾ: ಸರ್ಕಾರಿ ಪ್ರಯಾಣದಲ್ಲಿ ಬಂದ ಪಾಯಿಂಟ್ ಮತ್ತೆ ಸರ್ಕಾರಿ ಪ್ರಯಾಣಕ್ಕೇ ಹೋಗಬೇಕು.

ನಮ್ಮ ಖಾಸಗಿ ಕಂಪನಿಗಳಲ್ಲಿ ಟ್ರಾವೆಲ್ ಪಾಲಿಸಿ ಏನು ಹೇಳುತ್ತೋ ಅದೇ. ನನಗೆ ಅಮೆರಿಕದವರ ಆ ಷರತ್ತು ಹಿಡಿಸುತ್ತೆ. ಕಂಪನಿ ತಾನಾಗಿ ಬುಕ್ ಮಾಡಿದ ಹೋಟೆಲ್‌ನಲ್ಲಿ ಪಾಯಿಂಟ್ ಬಂದ್ರೆ, ಪಾಲಿಸಿ ಒಪ್ಪಿದ್ರೆ, ತಗೊಳ್ಳೋದ್ರಲ್ಲಿ ತಪ್ಪೇನಿಲ್ಲ. ಕಾರ್ಡಿಗೋಸ್ಕರ ಅಗ್ಗದ ಹೋಟೆಲ್ ಬಿಟ್ಟು ದುಬಾರಿಗೆ ಹೋದ್ರೆ, ಬೇಡದ ಪ್ರಯಾಣ ಹುಟ್ಟುಹಾಕಿದ್ರೆ, ಅದು ಕ್ಲೈಂಟ್ ಬಿಲ್‌ಗೆ ಕೈ ಹಾಕಿದ ಹಾಗೆ. 2,000 ರೂಪಾಯಿಗೋಸ್ಕರ ಎಕ್ಸ್‌ಪೆನ್ಸ್ ಆಡಿಟ್‌ನವರ ಮುಂದೆ ಕೈಕಟ್ಟಿ ನಿಲ್ಲೋದು ಯಾರಿಗೆ ಬೇಕು ಹೇಳಿ?

ಕೊನೆಗೆ, ಖರ್ಚು ಮಾಡೋದು. ಒನ್ ಬಿಎಚ್‌ಕೆಯಲ್ಲಿರೋ ನಮ್ಮಲ್ಲಿ ಬಹಳ ಜನ ಹೋಟೆಲ್ ಕಾರ್ಡನ್ನ ಅಪ್ಪ ಅಮ್ಮ ಊರಿಂದ ಬಂದಾಗ ಬಳಸ್ತಾರೆ. ಒಳ್ಳೇ ಉಪಯೋಗ. ಒಂದು ವಿಷಯ ಮಾತ್ರ ಮೊದಲೇ ಕೇಳಿಟ್ಟುಕೊಳ್ಳಿ: ಕಾರ್ಡ್ ನನ್ನ ಅಕೌಂಟಿನದು, ತಂಗೋದು ಅವರು, ಇದಕ್ಕೆ ಒಪ್ಪಿಗೆ ಇದೆಯಾ, ಚೆಕ್‌ಇನ್‌ಗೆ ನಾನೂ ಬರಬೇಕಾ, ಬುಕಿಂಗ್ ರದ್ದಾದ್ರೆ ಕಾರ್ಡಿನ ಹಣ ಎಲ್ಲಿಗೆ ವಾಪಸ್ ಬರುತ್ತೆ? ಫೋನ್‌ನಲ್ಲಿ "ಆಗುತ್ತೆ ಸರ್" ಅಂದ್ರೆ ಅಲ್ಲಿಗೇ ಬಿಡಬೇಡಿ, ಮೇಲ್‌ನಲ್ಲಿ ಬರೆಸಿಕೊಂಡು, ಅದರ ಪ್ರಿಂಟ್ ಒಂದನ್ನ ಅಪ್ಪನ ಕೈಗೆ ಕೊಡಿ. ರಾತ್ರಿ ಬಸ್ಸಲ್ಲಿ ಬಂದಿಳಿದವರನ್ನ ಬೆಳಗ್ಗೆ ಆರಕ್ಕೆ ರಿಸೆಪ್ಷನ್‌ನಲ್ಲಿ ಕೂರಿಸಿ, ನಿಮ್ಮ ಫೋನಿಗೆ ಬರೋ ಒಟಿಪಿಗೆ ಕಾಯಿಸೋದು ಬೇಡ.